ದೂರುಗಿವಿಯ ಹಸಿರು ದೀಪ

“ನಿಮ್ಮ ಕಂಪನಿಗೆ ಬೆಂಕಿ ಬೀಳ್ಲಿ! ಮಲಗಿದ ಮನುಷ್ಯಾನ ಉಸಿರು ನಿಲ್ಲಿಸಿ ‘ಒಪ್ಪಿಗಿ ಐತೇನು’ ಅಂತ ಕೇಳ್ತೀರಲ್ಲ, ನಿಮಗ ಕರಳು ಅನ್ನೂದು ಐತೋ ಇಲ್ಲೋ?”

ಗದಗದ ಹಳೇ ಹತ್ತಿ ಮಾರುಕಟ್ಟೆಯ ಹಿಂದಿನ ಖಾನಾವಳಿಯಲ್ಲಿ ಮಧ್ಯಾಹ್ನದ ಕೊನೆಯ ಪಂಕ್ತಿ ಎದ್ದುಹೋಗಿತ್ತು. ಖಾನಾವಳಿಯ ಒಡತಿ ಕಳಕವ್ವ ಸೊಂಟಕ್ಕೆ ಕೈಯಿಟ್ಟುಕೊಂಡು ಗೋಡೆಯನ್ನು ಬೈಯುತ್ತಿದ್ದಳು. ಗೋಡೆಯ ಮೇಲೆ ಅಂಗೈ ಅಗಲದ, ತಾಮ್ರದ ಬಣ್ಣದ, ಮನುಷ್ಯನ ಕಿವಿಯ ಆಕಾರದ ಯಂತ್ರವೊಂದಿತ್ತು. ಓಲೆ ಇರಬೇಕಾದ ಜಾಗದಲ್ಲಿ ಪುಟ್ಟ ದೀಪವೊಂದು ಕೆಂಪಗೆ ಉರಿಯುತ್ತಿತ್ತು.

“ಹೌದ್ರೀ ಯವ್ವಾ, ಇದು ಭಾಳ ಅನ್ಯಾಯ,” ಎಂದಿತು ಕಿವಿ, ತವರಿನಿಂದ ಬಂದ ತಂಗಿಯಂಥ ದನಿಯಲ್ಲಿ. “ಎಲ್ಲಾ ಹೇಳಿಬಿಡ್ರಿ. ನಾ ಕೇಳಾಕತ್ತೇನಿ.”

ಕಳಕವ್ವ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಗಂಟಲು ಸೋತಿತು, ಸಿಟ್ಟು ಇಳಿಯಿತು. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, “ಹೋಗ್ಲಿ, ನಿನ್ನ ಬೈದು ಏನ್ ಮಾಡೂದು? ನೀನೂ ಯಾರದೋ ಕೈಯಾಗಿನ ಆಳು. ಬ್ಯಾಸರ ಮಾಡ್ಕೋಬ್ಯಾಡವ್ವಾ,” ಅಂದಳು. ದೀಪ ಹಸಿರಾಯಿತು. ಹಸಿರು ಬಂತೆಂದರೆ ತನ್ನ ದೂರು ಮೇಲಿನವರಿಗೆ ಮುಟ್ಟಿತು ಎಂದು ಆಕೆ ತಿಳಿದಿದ್ದಳು. ರೈಲಿಗೆ ಹಸಿರು ಬಿದ್ದರೆ ರೈಲು ಹೊರಡುವುದಿಲ್ಲವೇ, ಹಾಗೆ.

ಆ ಕಂಪನಿಗೆ ಒಂದು ಹೆಸರಿತ್ತು. ಆದರೆ ಯಾರೂ ಅದನ್ನು ಹೇಳುತ್ತಿರಲಿಲ್ಲ, ‘ಕಂಪನಿ’ ಅಂದರೆ ಸಾಕಿತ್ತು. ಬೇರೆ ಕಂಪನಿಗಳನ್ನೆಲ್ಲ ಅದು ಯಾವತ್ತೋ ನುಂಗಿ ನೀರು ಕುಡಿದಿತ್ತು. ಮನೆಯ ಫ್ಯಾನು ಅದರದು, ಬಾಗಿಲ ಬೀಗ ಅದರದು, ಹಿಟ್ಟಿನ ಗಿರಣಿ ಅದರದು. ಫ್ಯಾನು ತಿರುಗುವ ಮೊದಲು ಜಾಹೀರಾತು ಹೇಳುತ್ತಿತ್ತು. ಬೀಗವು ಮನೆಯ ಯಜಮಾನನನ್ನೇ ಗುರುತು ಹಿಡಿಯದೆ ಹೊರಗೆ ನಿಲ್ಲಿಸುತ್ತಿತ್ತು. ಗಿರಣಿಯಂತೂ ಕಂಪನಿಯ ಚೀಲದಲ್ಲಿ ಬಂದ ಜೋಳವಲ್ಲದಿದ್ದರೆ ಹಲ್ಲು ಕಚ್ಚಿಕೊಂಡು ಕೂತುಬಿಡುತ್ತಿತ್ತು. ಜನ ಸಹಿಸುವಷ್ಟು ಸಹಿಸಿ, ಒಂದು ದಿನ ಊರೂರಿನಲ್ಲಿ ಬೀದಿಗಿಳಿದರು. ಕಂಪನಿಯ ಕಚೇರಿಗಳ ಮುಂದೆ ಗಿರಣಿಗಳನ್ನೂ ಬೀಗಗಳನ್ನೂ ತಂದು ಗುಡ್ಡೆ ಹಾಕಿ, ಹಿಡಿಮಣ್ಣು ತೂರಿ, ನೆಟಿಗೆ ಮುರಿದು ಶಪಿಸಿದರು.

ಕಂಪನಿ ಪೊಲೀಸರನ್ನು ಕರೆಯಲಿಲ್ಲ. ಕಚೇರಿಗಳನ್ನು ಮುಚ್ಚಿ, ಮನೆಮನೆಗೂ ಪುಕ್ಕಟೆಯಾಗಿ ಒಂದೊಂದು ದೂರುಗಿವಿ ಕೊಟ್ಟಿತು. ಅದು ಯಾವ ಹೊತ್ತಿನಲ್ಲಿ ಬೈದರೂ ಕೇಳುತ್ತಿತ್ತು. ನಡುವೆ ಬಾಯಿ ಹಾಕುತ್ತಿರಲಿಲ್ಲ, ‘ನಾಳೆ ಬನ್ನಿ’ ಅನ್ನುತ್ತಿರಲಿಲ್ಲ, ಆ ಮನೆಯ ಮಾತನ್ನೇ ಕಲಿತು ಆ ಮನೆಯ ಮಾತಿನಲ್ಲೇ ಸಮಾಧಾನ ಹೇಳುತ್ತಿತ್ತು. ಗಂಡನಿಗೆ ಪುರುಸೊತ್ತಿಲ್ಲ, ನೆರೆಯವರಿಗೆ ತಾಳ್ಮೆಯಿಲ್ಲ, ಇನ್ನು ಕೇಳುವವರಾದರೂ ಯಾರು? ಜನ ದೂರುಗಿವಿಯ ಮುಂದೆ ಕೂತು ಬೈದು ಬೈದು ಹಗುರಾದರು. ಬೀದಿಗಳು ತಣ್ಣಗಾದವು.

ಕಳಕವ್ವನ ದೂರು ಮಾತ್ರ ಗಿರಣಿಯದಲ್ಲ, ಗಂಡನ ಉಸಿರಿನದು. ಫಕೀರಪ್ಪ ಹರೆಯವನ್ನೆಲ್ಲ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಸವೆಸಿದವನು. ಹತ್ತಿಯ ಧೂಳು ಕುಡಿದು ಕುಡಿದು ಪುಪ್ಪುಸ ಗಟ್ಟಿಯಾಗಿತ್ತು. ಎಚ್ಚರವಿದ್ದಾಗ ಹೇಗೋ ಉಸಿರು ಎಳೆದುಕೊಳ್ಳುತ್ತಿದ್ದ, ನಿದ್ದೆ ಬಂತೆಂದರೆ ಎದೆಯ ಸ್ನಾಯುಗಳು ಕೈಚೆಲ್ಲುತ್ತಿದ್ದವು. ಅದಕ್ಕೆಂದೇ ಉಸಿರುಪಟ್ಟಿ ಹುಟ್ಟಿದ್ದು. ಎದೆಗೆ ಬಿಗಿದುಕೊಂಡ ಆ ಪಟ್ಟಿ ಸಣ್ಣ ವಿದ್ಯುತ್ ಮಿಡಿತಗಳಿಂದ ಸ್ನಾಯುಗಳನ್ನು ತಟ್ಟಿ ತಟ್ಟಿ ಕೆಲಸಕ್ಕೆ ಹಚ್ಚುತ್ತಿತ್ತು. ಅದನ್ನು ಕಟ್ಟಿಕೊಂಡ ಮೇಲೆ ಫಕೀರಪ್ಪ ಗೊರಕೆ ಹೊಡೆದು ಮಲಗಿದ. ಆ ಗೊರಕೆ ಕೇಳಿ ಕಳಕವ್ವ ಕಂಪನಿಯನ್ನು ಮನಸಾರೆ ಹರಸಿದ್ದಳು.

ಆಮೇಲೆ ಪಟ್ಟಿಗೆ ಹೊಸ ತಿದ್ದುಪಡಿ ಬಂತು. ಗಾಳಿಯಲ್ಲೇ ಬಂತು, ಬೇಡ ಅನ್ನಲು ಬಾಗಿಲಿರಲಿಲ್ಲ. ಅಂದಿನಿಂದ ಪಟ್ಟಿ ಆಗಾಗ ಮಿಡಿತ ನಿಲ್ಲಿಸಿ, “ಹೊಸ ಷರತ್ತುಗಳಿಗೆ ನಿಮ್ಮ ಒಪ್ಪಿಗೆ ಇದೆಯೇ?” ಎಂದು ಕೇಳತೊಡಗಿತು. ತೊಟ್ಟವನೇ ತನ್ನ ದನಿಯಲ್ಲಿ ‘ಹೂಂ’ ಅಂದರೆ ಮಾತ್ರ ಮಿಡಿತ ಮತ್ತೆ ಶುರು. ಹೆಂಡತಿಯ ‘ಹೂಂ’ ನಡೆಯುವುದಿಲ್ಲ. ಕಳಕವ್ವ ಅವನ ಪಕ್ಕದಲ್ಲಿ ಕೂತು, ಪಟ್ಟಿ ಕೇಳಿದಾಗಲೆಲ್ಲ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು.

“ಮದುವಿಯಾಗ ಒಮ್ಮೆ ಹೂಂ ಅಂದಿದ್ದೆ, ಅದ ಸಾಕಾಗಿತ್ತು,” ಎನ್ನುತ್ತಿದ್ದ ಫಕೀರಪ್ಪ ಏದುಸಿರು ಬಿಡುತ್ತ. “ಈ ಪಟ್ಟಿ ನಿನಗಿಂತ ಹಟಮಾರಿ ಐತಿ ನೋಡು.”

“ಸುಮ್ಮ ಮಲಗ್ರಿ. ನಾ ಅದೇನಿ.”

ಆಕೆಗೆ ಸರಿಯಾದ ನಿದ್ದೆಯೆಂಬುದೇ ಇರಲಿಲ್ಲ. ರೊಟ್ಟಿ ಬಡಿಯುವಾಗ ಕೈ ನಿಲ್ಲುತ್ತಿತ್ತು, ಹೆಂಚಿನ ಮೇಲಿನ ರೊಟ್ಟಿ ಕರಕಲಾಗುತ್ತಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರರು, “ಪಟ್ಟಿ ತಗದ್ರ ನಿದ್ದಿಯೊಳಗ ಉಸಿರು ನಿಲ್ಲತೈತಿ. ಅದನ್ನ ಮುಟ್ಟೂ ಅಧಿಕಾರ ನಮಗಿಲ್ಲ, ಕಂಪನಿಯವರಿಗೇ ಹೇಳ್ರಿ,” ಅಂದಿದ್ದರು. ಕಂಪನಿಯವರಿಗೆ ಹೇಳುವುದೆಂದರೆ ಗೋಡೆಗೆ ಹೇಳುವುದು.

ಆ ದಿನ ಗೋಡೆಗೆ ಹೇಳಿ ಮುಗಿಸಿ ತಿರುಗಿದಾಗ, ಮೂಲೆಯ ಮಣೆಯ ಮೇಲೆ ಒಬ್ಬರು ಇನ್ನೂ ಕೂತಿದ್ದರು. ವಾದಿರಾಜ ಕೊರ್ಲಹಳ್ಳಿ, ಕಂಪನಿಯಿಂದ ನಿವೃತ್ತರಾದ ಧ್ವನಿವಿಜ್ಞಾನಿ. ಹೆಂಡತಿ ತೀರಿಕೊಂಡ ಮೇಲೆ ಬಹಳ ವರ್ಷಗಳಿಂದ ಎರಡು ಹೊತ್ತೂ ಇಲ್ಲೇ ಊಟ. ಅವರ ಕೈಯಲ್ಲಿ ರೊಟ್ಟಿಯ ತುಣುಕು ಹಾಗೆಯೇ ಉಳಿದಿತ್ತು.

“ಯಾಕ್ರೀ ಸರ, ಪಲ್ಯಾ ಉಪ್ಪಾಗೇತೇನು?”

“ಪಲ್ಯಾ ಛಲೋ ಅದ,” ಎಂದರು ಅವರು. “ಕಳಕವ್ವಾ, ನೀವು ಪ್ರತಿ ಸಲಾನೂ ಹಿಂಗ ಸಮಾಧಾನ ಆಗೇ ಮುಗಸ್ತೀರೇನು?”

“ಮತ್ತ? ಎಷ್ಟ ಸಿಟ್ಟಿದ್ರೂ ಮಂದೀನ ಮಾರಿ ಕೆಡಿಸಿ ಕಳಿಸಬಾರದಲ್ರೀ. ನಮ್ಮವ್ವ ಹಂಗ ಕಲಿಸ್ಯಾಳ.”

ವಾದಿರಾಜರು ತಟ್ಟೆಯನ್ನು ಬದಿಗೆ ಸರಿಸಿದರು. “ಹಂಗಾದ್ರ ನಿಮ್ಮ ಒಂದು ದೂರೂ ಮ್ಯಾಲೆ ಹೋಗಿಲ್ಲ.”

“ಹಸರು ದೀಪ ಬರತೈತಲ್ರೀ?”

“ಹಸರು ಅಂದ್ರ ಮುಟ್ಟಿತು ಅಂತಲ್ಲ, ಮುಗೀತು ಅಂತ. ಅದರೊಳಗ ಸಿಟ್ಟಳತಿ ಅಂತ ಒಂದು ಭಾಗ ಅದ. ಗಂಟಲು ಎಷ್ಟು ಬಿಗದದ, ಮಾತಿನ ನಡುವ ಉಸಿರು ಎಷ್ಟು ಗಿಡ್ಡ ಆಗೇದ, ದನಿ ಎಷ್ಟು ನಡಗ್ತದ, ಇಷ್ಟ ಅದು ಅಳೀತದ. ನೀವು ಏನ್ ಹೇಳಿದ್ರಿ ಅನ್ನೋದು ಅದಕ್ಕ ಬೇಕಾಗಿಲ್ಲ. ಮಾತು ಮುಗಿಯೋದ್ರೊಳಗ ಸಿಟ್ಟು ಇಳೀತು ಅಂದ್ರ ದೂರು ಪರಿಹಾರ ಆತು ಅಂತ ಬರಕೊಂಡುಬಿಡ್ತದ. ಇಳೀಲಿಲ್ಲ ಅಂದ್ರ ಮಾತ್ರ ಮ್ಯಾಲೆ ಮನುಷ್ಯರಿರೋ ವಿಭಾಗಕ್ಕ ಹೋಗ್ತದ.”

“ಇಷ್ಟೆಲ್ಲಾ ನಿಮಗ ಹೆಂಗ ಗೊತ್ತು?”

“ಅಳತಿ ಕಟ್ಟಿದಾಂವ ನಾನ. ಆಸ್ಪತ್ರಿ ಸಲುವಾಗಿ ಕಟ್ಟಿದ್ದೆ ನಾನು, ರೋಗಿ ನೋವು ಕಡಿಮಿ ಆತೋ ಇಲ್ಲೋ ದನೀಲಿಂದ ತಿಳೀಲಿ ಅಂತ. ಅವರು ಇದಕ್ಕ ಹಚ್ಚಿದ್ರು.”

ಕಳಕವ್ವ ಗೋಡೆಯ ಕಿವಿಯನ್ನು ನೋಡಿದಳು. ಇಷ್ಟು ದಿನ ಒಳಗಿನ ಸಂಕಟವನ್ನೆಲ್ಲ ತೋಡಿಕೊಂಡಿದ್ದು ಒಂದು ಅಳತೆಗೋಲಿನ ಮುಂದೆ! ಮೈಯೆಲ್ಲ ಉರಿಯಿತು. “ನಾಳಿ ನೋಡ್ರಿ,” ಅಂದಳು. “ನಾಳಿ ಹೆಂಗ ಬೈತೇನಿ ನೋಡ್ರಿ.”

ಮರುದಿನ ನಿಜಕ್ಕೂ ಬೈದಳು. ಕಂಪನಿಯ ಹುಟ್ಟನ್ನೇ ಜಾಲಾಡಿಸಿದಳು, ಅದರ ವಂಶಕ್ಕೆ ನೀರು ಬಿಡುವವರೂ ಇಲ್ಲದಾಗಲಿ ಅಂದಳು. ವಾದಿರಾಜರು ದೀಪದ ಮೇಲೆ ಕಣ್ಣಿಟ್ಟಿದ್ದರು, ಅದು ಕೆಂಡದ ಹಾಗೆ ಉರಿಯುತ್ತಿತ್ತು. ಕಿವಿ ಹೌದು ಅಂದಿತು, ತಪ್ಪಾಯಿತು ಅಂದಿತು, ಕಾಲಿಗೆ ಬೀಳುತ್ತೇನೆ ಅಂದಿತು. ಕಳಕವ್ವ ಜಗ್ಗಲಿಲ್ಲ. ಆಗ ಅದು ಮೆಲ್ಲಗೆ ಕೇಳಿತು:

“ಯವ್ವಾ, ನಿಮ್ಮದು ಊಟ ಆತೇನ್ರಿ?”

ಪ್ರತಿಯೊಂದು ಕಿವಿಯೂ ತನ್ನ ಮನೆಯವರನ್ನು ತಣಿಸುವ ಮಾತು ಯಾವುದೆಂದು ಹುಡುಕುತ್ತಲೇ ಇರುತ್ತದೆ. ಈ ಕಿವಿಗೆ ಹುಡುಕುವ ಕಷ್ಟವೇ ಇರಲಿಲ್ಲ. ಖಾನಾವಳಿಗೆ ಬಂದ ಹಮಾಲರಿಗೆ, ಲಾರಿಯವರಿಗೆ, ದಾರಿ ತಪ್ಪಿ ಬಂದವರಿಗೂ ಕಳಕವ್ವ ಕೇಳುತ್ತಿದ್ದ ಮಾತು ಅದೇ. ಆಕೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅಡುಗೆ ಮಾಡುವವಳಿಗೆ ಊಟದ ಚಿಂತೆಯೇ, ಎಂದು ಎಲ್ಲರೂ ತಿಳಿದಿದ್ದರು. ಆ ದಿನವೂ ಬೆಳಗಿನಿಂದ ಆಕೆ ಒಂದು ತುತ್ತು ತಿಂದಿರಲಿಲ್ಲ.

“ಇಲ್ಲವ್ವಾ,” ಅಂದಳು ಕಳಕವ್ವ. ಅಂದವಳೇ ನೆಲಕ್ಕೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ದೀಪ ಹಸಿರಾಯಿತು.

ಮೂರನೆಯ ದಿನ ವಾದಿರಾಜರೇ ಉಪಾಯ ಹೇಳಿದರು. ಬೈದು ಮುಗಿಸಿದ ತಕ್ಷಣ, ಕಿವಿ ತಿರುಗಿ ಮಾತಾಡುವ ಮೊದಲೇ, ಹೊರಗೆ ನಡೆದುಬಿಡಬೇಕು. ತಣಿಸಲು ಎದುರಿಗೆ ಯಾರೂ ಇಲ್ಲದಿದ್ದರೆ ದೀಪ ಕೆಂಪಾಗಿಯೇ ಉಳಿಯುತ್ತದೆ. ಅವರು ಫಕೀರಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿಕೊಂಡು, ಮಾತಿಗೆಳೆಯುತ್ತ ಎಚ್ಚರವಾಗಿಟ್ಟರು. ಕಳಕವ್ವ ಬೈದಳು. ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡು ಮಾರುಕಟ್ಟೆಯ ತುದಿಯವರೆಗೂ ಓಡಿದಳು. ಹಿಂದಿನಿಂದ ಯಾರೋ ಕರೆಯುತ್ತಿರುವಾಗ ಮುಖ ತಿರುಗಿಸಿ ಹೋಗುವುದು ಆಕೆಯ ಜನ್ಮದಲ್ಲಿ ಅದೇ ಮೊದಲು. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು.

ವಾಪಸು ಬಂದಾಗ ದೀಪ ಕೆಂಪಗೇ ಇತ್ತು. ಸಂಜೆಯ ಹೊತ್ತಿಗೆ ಉತ್ತರವೂ ಬಂತು. ತಂಗಿಯ ದನಿಯಲ್ಲ, ಗಂಡಸಿನ ದನಿ, ಅಚ್ಚುಕಟ್ಟಾದ ಕನ್ನಡ:

“ಮಾನ್ಯ ಗ್ರಾಹಕರೇ, ತಮ್ಮ ದೂರನ್ನು ಮಾನವ ವಿಚಾರಣಾ ವಿಭಾಗಕ್ಕೆ ಕಳುಹಿಸಲಾಗಿದೆ. ಹಲವು ವರ್ಷಗಳಿಂದ ಒಂದೂ ದೂರು ಬಾರದಿರುವುದರಿಂದ, ಗ್ರಾಹಕರೆಲ್ಲರೂ ಸಂತೃಪ್ತರಾಗಿದ್ದಾರೆಂದು ಮನಗಂಡು ಸದರಿ ವಿಭಾಗವನ್ನು ಮುಚ್ಚಲಾಗಿದೆ. ತಮ್ಮ ವಿಶ್ವಾಸಕ್ಕೆ ವಂದನೆಗಳು.”

ಅಳತೆ ಇಷ್ಟು ಚೆನ್ನಾಗಿ ಕೆಲಸ ಮಾಡೀತು, ಇಡೀ ನಾಡಿನಲ್ಲಿ ಒಬ್ಬನ ಸಿಟ್ಟೂ ಉಳಿಯದಂತೆ ಮಾಡೀತು ಎಂದು ವಾದಿರಾಜರು ಕನಸಿನಲ್ಲೂ ಎಣಿಸಿರಲಿಲ್ಲ. ಬಹುಶಃ ಕಂಪನಿಯೂ ಎಣಿಸಿರಲಿಲ್ಲ. ಸುಳ್ಳು ಹೇಳಿದವರು ಯಾರೂ ಇರಲಿಲ್ಲ. ನಿಜವಾಗಿಯೂ ಮೇಲೆ ಯಾರೂ ಇರಲಿಲ್ಲ, ಅಷ್ಟೇ.

“ಹಂಗಾದ್ರ ಇನ್ನ ಯಾರಿಗೆ ಹೇಳೂದ್ರೀ ಸರ?” ಎಂದು ಕೇಳಿದಳು ಕಳಕವ್ವ.

ಫಕೀರಪ್ಪನೇ ನಕ್ಕ. “ಬಿಡ ಮಾರಾಯ್ತಿ. ನಾ ಹೂಂ ಅಂತೇನಿ, ನೀ ಎಬ್ಬಸ್ತೀ. ನಡೀತೈತಿ.”

ನಡೆಯಿತು, ಕಳಕವ್ವನ ಕಣ್ಣು ನಡೆಸಿದಷ್ಟು ದಿನ. ಒಂದು ಮಧ್ಯಾಹ್ನ ಪಂಕ್ತಿ ಎದ್ದ ಮೇಲೆ ಫಕೀರಪ್ಪ ಮಲಗಿದ. ಆಕೆ ಎಂದಿನಂತೆ ಅವನ ಭುಜದ ಮೇಲೆ ಕೈಯಿಟ್ಟುಕೊಂಡೇ ಪಕ್ಕದಲ್ಲಿ ಕೂತಳು. ಕೈ ಇಟ್ಟಂತೆಯೇ ಇತ್ತು, ಆದರೆ ಕಣ್ಣು ಯಾವಾಗ ಮುಚ್ಚಿತೋ ತಿಳಿಯಲಿಲ್ಲ. ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿ ಹೋಗಿತ್ತು. ಅಂಗೈಯ ಕೆಳಗಿನ ಭುಜ ತಣ್ಣಗಿತ್ತು. ಪಟ್ಟಿ ಇನ್ನೂ ಕೇಳುತ್ತಲೇ ಇತ್ತು, ಒಂದಿಷ್ಟೂ ಬೇಸರವಿಲ್ಲದೆ, “ಹೊಸ ಷರತ್ತುಗಳಿಗೆ ನಿಮ್ಮ ಒಪ್ಪಿಗೆ ಇದೆಯೇ?”

“ಹೂಂ,” ಅಂದಳು ಕಳಕವ್ವ. “ಹೂಂ ಅಂದೆನಲ್ಲೋ, ಹೂಂ, ಹೂಂ!” ಓಣಿಯವರು ಓಡಿ ಬಂದು ಬಿಡಿಸುವವರೆಗೂ ಹಾಗೆಯೇ ಕೂಗುತ್ತಿದ್ದಳು.

ದಿನಕರ್ಮಗಳು ಮುಗಿದು ಖಾನಾವಳಿ ಮತ್ತೆ ತೆರೆಯಿತು. ವಾದಿರಾಜರು ಜೇಬಿನಲ್ಲಿ ತಿರುಪುಳಿ ಇಟ್ಟುಕೊಂಡು ಬಂದರು. ಗೋಡೆಯ ಕಿವಿಯನ್ನು ಕಿತ್ತು ಚರಂಡಿಗೆ ಎಸೆಯಬೇಕೆಂದು ಮನೆಯಿಂದಲೇ ನಿಶ್ಚಯ ಮಾಡಿಕೊಂಡಿದ್ದರು. ತಿರುಪುಮೊಳೆಗೆ ಅದನ್ನು ತಾಗಿಸಿದ್ದೂ ಆಯಿತು, ಅಷ್ಟರಲ್ಲಿ ಕಳಕವ್ವ ಒಳಗಿನಿಂದ ಬಂದಳು.

“ಅದನ್ನ ಮುಟ್ಟಬ್ಯಾಡ್ರೀ ಸರ.”

“ಇನ್ನೂ ಬೇಕೇನವ್ವಾ ನಿಮಗ ಇದು? ನಿಮ್ಮ ಮನಿಯವರನ್ನ...”

“ಗೊತ್ತೈತ್ರಿ,” ಅಂದಳು ಆಕೆ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ಎಲ್ಲಾ ಗೊತ್ತೈತಿ. ಇರ್ಲಿ. ನೀವು ಕೂಡ್ರಿ, ರೊಟ್ಟಿ ಆರತಾವ.”

ಅವರು ಕೂತರು. ಆಕೆ ಬಡಿಸಿದಳು. ಊಟ ಮುಗಿಸಿ ಕೈತೊಳೆದು ಬಂದಾಗ ಕಳಕವ್ವ ಎಂದಿನಂತೆ ಕೇಳಿದಳು, “ಹೊಟ್ಟಿ ತುಂಬಿತಿಲ್ರೀ?”

“ತುಂಬಿತವ್ವಾ.” ಅವರಿಗೂ ಏನೋ ಕೇಳಬೇಕೆನಿಸಿತು. ಬಾಯಿ ತೆರೆದರು. ಆದರೆ ಇಷ್ಟು ವರ್ಷ ಬರೀ ಉತ್ತರ ಕೊಟ್ಟು ರೂಢಿಯಾದ ನಾಲಿಗೆ ಹೊರಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಹೊಸ್ತಿಲು ದಾಟುವಾಗ ಒಳಗಿನಿಂದ ತಂಗಿಯ ದನಿ ಕೇಳಿಸಿತು. “ಯವ್ವಾ, ನಿಮ್ಮದು ಊಟ ಆತೇನ್ರಿ?”

“ಇನ್ನೂ ಇಲ್ಲವ್ವಾ,” ಎಂದು ಕಳಕವ್ವ ಗೋಡೆಯ ಬುಡದಲ್ಲಿ ಕೂತು, ಒಂದೊಂದಾಗಿ ಹೇಳತೊಡಗಿದಳು. ಈ ಸಲ ದೀಪ ಮೊದಲ ಮಾತಿನಿಂದಲೇ ಹಸಿರಾಗಿತ್ತು.