ಓರೆಯಾದ ತುಕ್ಕಿನ ಗೆರೆ

"ನನ್ನ ಗಂಡ ಇರುವೆ ತುಳಿಯೋಕೂ ಹೆದರೋನು. ಮೇಡಂನ ಕೊಂದ ಅಂತ ಸ್ಟೇಷನ್ನಲ್ಲಿ ಬಡಿದು ಸಾಯಿಸ್ತಿದ್ದಾರೆ ಅಮ್ಮಾ!" ಎಂದು ಪ್ರಯೋಗಾಲಯದ ಕಾವಲುಗಾರನ ಹೆಂಡತಿ ಹೊಸ್ತಿಲಲ್ಲೇ ಕುಸಿದಳು. ಪತ್ತೇದಾರಿಕೆಯೇ ಉಸಿರಾಗಿದ್ದ ಅತ್ತೆ ಆಗಲೇ ಚಪ್ಪಲಿ ಮೆಟ್ಟಿದ್ದರು. ಇವತ್ತಿನ ಅಡುಗೆ ಕೆಟ್ಟಿತು ಎಂದುಕೊಳ್ಳುತ್ತಲೇ ಸೊಸೆ ಹಿಂದೆ ಓಡಿದಳು.

ಪ್ರಯೋಗಾಲಯದ ಬಾಗಿಲಲ್ಲೇ ಅಲ್ಲಿನ ವಿಜ್ಞಾನಿ ಮೇಡಂ ಹೆಣ ಬಿದ್ದಿತ್ತು. ಮಣ್ಣಿನಲ್ಲಿ ಕಬ್ಬಿಣವನ್ನು ತುಕ್ಕಾಗಿಸಿ ಬದುಕುವ ಹೊಸ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ಆ ತಲೆ ಸಲಾಕೆಯ ಏಟಿಗೆ ಒಡೆದುಹೋಗಿತ್ತು. ಉಗುರುಗಳ ಸಂದಿಯಲ್ಲಿ ಯಾರದೋ ಚರ್ಮ.

"ರಕ್ತದ ಸಲಾಕೆ ಕಾವಲುಗಾರನ ಕೋಣೇಲಿ ಸಿಕ್ತು. ಇನ್ನೇನು ಬೇಕು?" ಎಂದರು ಇನ್‌ಸ್ಪೆಕ್ಟರು.

"ಬೆಳಿಗ್ಗೆ ಬಾಗಿಲು ತೆಗೆದೆ, ಹೆಣ ನೋಡಿ ಹಾಗೇ ಓಡಿದೆ. ಒಳಗೆ ಕಾಲಿಟ್ಟಿಲ್ಲ," ಎಂದ ಮೇಡಂ ಸಹಾಯಕ. ಸೆಕೆಯಲ್ಲೂ ಅವನ ಕೋಟಿನ ತೋಳು ಮಣಿಕಟ್ಟಿನವರೆಗೆ ಇಳಿದಿತ್ತು.

ಒಳಗಿನ ಮೇಜಿನ ಮೇಲೆ ಲೋಳೆ ತುಂಬಿದ ಗಾಜಿನ ಕೊಳವೆಗಳು ಕಬ್ಬಿಣದ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಂತಿದ್ದವು. ಪ್ರತಿಯೊಂದರಲ್ಲೂ ತುಕ್ಕುಬಣ್ಣದ ಗೆರೆ ಓರೆಯಾಗಿತ್ತು.

"ಈ ಗೆರೆ ಏನಪ್ಪಾ?" ಅತ್ತೆ ಸಹಾಯಕನನ್ನು ಕೇಳಿದರು.

"ಬ್ಯಾಕ್ಟೀರಿಯಾ ಬೆಳೆದ ಗುರುತು. ರಾತ್ರಿ ಕಳೆಯೋದ್ರೊಳಗೆ ಕಟ್ಟುತ್ತೆ, ಆಮೇಲೆ ಅಲುಗಲ್ಲ."

"ಮಟ್ಟವಾಗಿ?"

"ನಿಲ್ಲಿಸಿಟ್ರೆ ಮಟ್ಟವಾಗೇ."

ಸಂಜೆ ಅತ್ತೆ ಎಲ್ಲರನ್ನೂ ಅಲ್ಲೇ ಸೇರಿಸಿದರು. ಪೊಲೀಸರು ಕಾವಲುಗಾರನನ್ನೂ ಹೊತ್ತು ತಂದು ಕೂರಿಸಿದ್ದರು.

"ನಿನ್ನೆ ರಾತ್ರಿ ಕೊಲೆಯ ಗುದ್ದಾಟದಲ್ಲಿ ಕೊಳವೆಗಳು ಸ್ಟ್ಯಾಂಡಿನ ಸಮೇತ ವಾಲಿಬಿದ್ದವು. ರಾತ್ರಿಯಿಡೀ ವಾಲಿಕೊಂಡೇ ಇದ್ದಿದ್ದಕ್ಕೆ ಗೆರೆ ಓರೆ. ಬೆಳಿಗ್ಗೆ ಯಾರೋ ಹೆಣ ದಾಟಿ ಬಂದು ಎತ್ತಿ ನಿಲ್ಲಿಸಿದ್ದಾರೆ. ಕಾವಲುಗಾರನಿಗೆ ಅವು ನಿಂತರೇನು, ಬಿದ್ದರೇನು?" ಎನ್ನುತ್ತಲೇ ಅತ್ತೆ ಒಂದು ಕೊಳವೆಯನ್ನು ಮೇಜಿನಂಚಿಗೆ ಉರುಳಿಸಿದರು.

ಸಹಾಯಕ ಹಾರಿ ಹಿಡಿದ. ತೋಳು ಮೇಲೆ ಸರಿಯಿತು; ಮುಂಗೈ ಮೇಲೆ ಹಸಿ ಹಸಿ ಉಗುರುಗೀರು.

"ಕೈಯಭ್ಯಾಸ ಸುಟ್ರೂ ಹೋಗಲ್ಲ ನೋಡಿ," ಎಂದರು ಅತ್ತೆ. "ಒಳಗೆ ಕಾಲಿಟ್ಟಿಲ್ಲ ಅಂದವನು ಇವನೇ. ಸಲಾಕೆ ಆ ಕೋಣೇಲಿ ಇಟ್ಟವನೂ ಇವನೇ."

"ಮಣ್ಣು ಹೊತ್ತು ಸತ್ತವನು ನಾನು! ಬ್ಯಾಕ್ಟೀರಿಯಾದ ಬಗ್ಗೆ ಬರೆಯುವಾಗ ನನ್ನ ಹೆಸರೇ ಬಿಟ್ಟಳು!" ಎಂದು ಅರಚಿ ಅವನು ಕಬ್ಬಿಣದ ಸ್ಟ್ಯಾಂಡನ್ನು ಅತ್ತೆಯ ತಲೆಗೆ ಬೀಸಿದ. ಸೊಸೆ ಕೈಗೆ ಸಿಕ್ಕ ಸ್ಟೂಲಿನಿಂದ ಅವನ ಮಂಡಿಗೆ ಅಪ್ಪಳಿಸಿದಳು. ಮೂಳೆ ಲಟಕ್ಕೆಂದಿತು. ಅವಳಿಗೆ ಅಯ್ಯೋ ಅನಿಸಲಿಲ್ಲ.

ಪೊಲೀಸರು ಅವನನ್ನು ಎಳೆದೊಯ್ದರು.

"ತಪ್ಪಾಯ್ತಮ್ಮ, ನಿಮ್ಮ ಯಜಮಾನ್ರನ್ನ ಕರ್ಕೊಂಡು ಹೋಗಿ," ಎಂದರು ಇನ್‌ಸ್ಪೆಕ್ಟರು ತಲೆ ತಗ್ಗಿಸಿ.

ಕಾವಲುಗಾರನ ಹೆಂಡತಿ ಗಂಡನ ಜಜ್ಜಿಹೋದ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಕರ್ಕೊಂಡು ಹೋಗ್ತೀನಿ ಸಾರ್. ನೀವು ಎಳ್ಕೊಂಡು ಹೋಗುವಾಗ ಇದ್ವಲ್ಲ, ಆ ಕೈಗಳನ್ನೂ ಕೊಟ್ಬಿಡಿ."