ಮುಳ್ಳು ಮಾದಸ್ವಾಮಿಯ ಸೂಜಿ

ದೊಡ್ಡಮಾದಪ್ಪನವರು ಹೋಗಿಬಿಟ್ಟರಂತೆ ಎಂಬ ಸುದ್ದಿ ಬಂದಾಗ ನಾನು ಆಫೀಸಿನ ಬಾಗಿಲು ಹಾಕುತ್ತಿದ್ದೆ. ಕೊಳ್ಳೇಗಾಲದ ಈ ಹಿರಿಯ ರೇಷ್ಮೆ ವ್ಯಾಪಾರಿ ತಮ್ಮ ಪಡಸಾಲೆಯ ಮಂಚದ ಮೇಲೆ ಅಂಗಾತ ಮಲಗಿದ್ದಂತೆಯೇ ಪ್ರಾಣ ಬಿಟ್ಟಿದ್ದರು. ಗಂಟಲಿನ ಬಲಗಡೆ ಕೂದಲೆಳೆಯಂಥ ಒಂದು ಸೂಜಿ ನೆಟ್ಟಿತ್ತು.

ಅಂಥ ಸೂಜಿ ಊರಿನಲ್ಲಿದ್ದದ್ದು ಒಬ್ಬನ ಹತ್ತಿರ. ಮಾದಸ್ವಾಮಿ ಕಲ್ಕತ್ತೆಯಲ್ಲಿ ಚೀನೀ ವೈದ್ಯನೊಬ್ಬನ ಹತ್ತಿರ ಕೆಲಸಕ್ಕಿದ್ದು ವಿದ್ಯೆ ಕಲಿತು ಬಂದವನು. ಮಗ್ಗಕ್ಕೆ ಬಾಗಿ ಬಾಗಿ ಕತ್ತು ಹಿಡಿದುಕೊಂಡವರು, ತಲೆನೋವಿನವರು, ತಲೆ ಸುತ್ತುವವರು, ಕಣ್ಣು ಉರಿಯುವವರು ಎಲ್ಲ ಅವನ ಮುಂದೆ ಬೋರಲು ಮಲಗುತ್ತಿದ್ದರು. ಕತ್ತಿನಲ್ಲಿ ಒಂದು ಜಾಗವಿದೆ, ಅಲ್ಲಿ ಚುಚ್ಚಿದರೆ ನೋವು ಇಳಿಯುತ್ತದೆ ಎನ್ನುತ್ತಿದ್ದ. ಊರು ಅವನನ್ನು ಮುಳ್ಳು ಮಾದಸ್ವಾಮಿ ಎಂದು ಕರೆಯುತ್ತಿತ್ತು. ನನಗೆ ಮಾತ್ರ ಆತನನ್ನು ಕಂಡರೆ ಆಗುತ್ತಿರಲಿಲ್ಲ. ಚೀನಾ ಯುದ್ಧ ಮುಗಿದು ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ. ಆ ದೇಶದ ವಿದ್ಯೆಗೆ ಕತ್ತು ಒಡ್ಡುವುದೆಂದರೆ ಏನರ್ಥ?

"ಅವನದೇ ಕೆಲಸ," ಎಂದೆ ನಮ್ಮ ವಕೀಲರಿಗೆ. ವಕೀಲ ಬಿಳಿಗಿರಿಯವರ ಗುಮಾಸ್ತ ನಾನು, ಹೆಸರು ಹನುಮಯ್ಯ. ಪೊಲೀಸರಿಗೆ ಬಗೆಹರಿಯದ ಗೋಜಲುಗಳು ಕೊನೆಗೆ ಬರುತ್ತಿದ್ದದ್ದು ಅವರ ಮೇಜಿಗೇ. "ನಿನ್ನೆ ಅಂಗಡಿ ಬೀದಿಯಲ್ಲಿ ದೊಡ್ಡಮಾದಪ್ಪನವರೇ ನನ್ನನ್ನು ತಡೆದು ಹೇಳಿದ್ದರಲ್ಲ."

"ಅವರ ಮಾತನ್ನು ಅವರು ಹೇಳಿದ ಹಾಗೇ ಇನ್ನೊಂದು ಸಲ ಹೇಳಿ."

"'ಸೂಜಿಯವನ ವಿಚಾರ ವಕೀಲರತ್ರ ಮಾತಾಡ್ಬೇಕು ಕಣಪ್ಪ, ಆಸಾಮಿ ಸರಿಯಿಲ್ಲ' ಅಂದರು."

ವಕೀಲರು ಕೋಟು ತೊಟ್ಟು ಹೊರಟರು.

ಮನೆಯಲ್ಲಿ ಎಲ್ಲರೂ ಎಲ್ಲರನ್ನೂ ಅನುಮಾನದಿಂದ ನೋಡುತ್ತಿದ್ದರು. ಹೆಂಡತಿ ಚನ್ನಾಜಮ್ಮನವರು ಸಾವು ನಡೆದ ಮಧ್ಯಾಹ್ನ ಧನಗೆರೆಯ ನೆಂಟರ ಮನೆಯಲ್ಲಿದ್ದರಂತೆ. ಮಾದಸ್ವಾಮಿಯ ಹೆಸರೆತ್ತಿದರೆ ಸಾಕು, ಆಯಮ್ಮ ಹಲ್ಲು ಕಡಿಯುತ್ತಿದ್ದರು. ಸೋದರಳಿಯ ಶಿವಮಲ್ಲಪ್ಪ ಸುದ್ದಿ ಕೇಳಿ ಹನೂರಿನಿಂದ ಓಡಿಬಂದಿದ್ದ. ಅಲ್ಲಿ ಅವನು ಡಾಕ್ಟರೆಂದೇ ಹೆಸರಾಗಿದ್ದವನು. ಈ ಮನೆಗೆ ಕಾಲಿಟ್ಟು ಒಂದು ತಿಂಗಳಾಯಿತೆಂದು ಅತ್ತ.

ಕೆಲಸದ ಕೆಂಪಾಜಮ್ಮನ ಹೇಳಿಕೆಯೇ ಮಾದಸ್ವಾಮಿಗೆ ಉರುಳಾಗಿತ್ತು. ಆ ಮಧ್ಯಾಹ್ನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅವಳಿಗೆ ಯಾರೂ ಕಾಣಿಸಿರಲಿಲ್ಲ. ಯಜಮಾನರ ಮಾತಷ್ಟೇ ಕಿವಿಗೆ ಬಿದ್ದಿತ್ತು: "ನಿಧಾನಕ್ಕೆ ಆಕಪ್ಪ ಸೂಜಿಯ." ಇನ್‌ಸ್ಪೆಕ್ಟರು ಅಷ್ಟನ್ನು ಬರೆದುಕೊಂಡು ಮಾದಸ್ವಾಮಿಯನ್ನು ಲಾಕಪ್ಪಿಗೆ ಹಾಕಿದ್ದರು.

ಲಾಕಪ್ಪಿನಲ್ಲಿ ಅವನು ಮುದುಡಿ ಕೂತಿದ್ದ. "ಬೆಳಿಗ್ಗೇನೆ ಬುದ್ಯೋರಿಗೆ ಮುಳ್ಳು ಇಟ್ಟು, ತಗದು, ಮಧುವನಳ್ಳಿಗೆ ಓದೆ ಸಾ. ಮುಳ್ಳಿನ ಡಬ್ಬಿ ಅವರ ಮನೇಲೇ ಇರ್ತದೆ. ನೇಣಾಕ್ತಾರಾ ನನ್ನ?" ಎಂದ. ದಾರಿಯಲ್ಲಿ ಅವನನ್ನು ಕಂಡವರು ಯಾರೂ ಇರಲಿಲ್ಲ. ನನಗೆ ಕನಿಕರ ಹುಟ್ಟಲಿಲ್ಲ.

ವಕೀಲರು ಆಸ್ಪತ್ರೆಗೆ ಹೋಗಿ ಡಾಕ್ಟರೊಂದಿಗೆ ಮಾತಾಡಿದರು, ಹನೂರಿಗೆ ಒಬ್ಬರನ್ನು ಕಳಿಸಿದರು. ಮರುದಿನ ಸಂಜೆ ಎಲ್ಲರನ್ನೂ ಅದೇ ಪಡಸಾಲೆಯಲ್ಲಿ ಸೇರಿಸಿದರು. ಮಾದಸ್ವಾಮಿಯನ್ನು ಕೋಳದ ಸಮೇತ ಕರೆತಂದಿದ್ದರು.

"ಒಂದು ಸಣ್ಣ ಕೆಲಸ," ಎಂದರು ವಕೀಲರು. "ಮಾದಸ್ವಾಮಿ ಕತ್ತಿಗೆ ಎಲ್ಲಿ ಚುಚ್ಚುತ್ತಿದ್ದ? ನಿಮ್ಮ ನಿಮ್ಮ ಕತ್ತು ಮುಟ್ಟಿ ತೋರಿಸಿ."

ಚನ್ನಾಜಮ್ಮನವರ ಕೈ ಹಿಂಗತ್ತಿಗೆ ಹೋಯಿತು, ತಲೆಬುರುಡೆಯ ಬುಡದಲ್ಲಿ ಎರಡೂ ಕಡೆ ಇರುವ ಕುಳಿಗಳಿಗೆ. ಕೆಂಪಾಜಮ್ಮನ ಕೈಯೂ ಅಲ್ಲಿಗೇ. ಶಿವಮಲ್ಲಪ್ಪನ ಬೆರಳು ಮಾತ್ರ ಗಂಟಲಿನ ಬಲಗಡೆ ನಿಂತಿತ್ತು. ಅಕ್ಕಪಕ್ಕ ನೋಡಿ ಥಟ್ಟನೆ ಇಳಿಸಿದ.

"ಸೂಜಿ ಅಲ್ಲಿತ್ತೆಂದು ಊರಿಗೆಲ್ಲ ಗೊತ್ತು!" ಎಂದ.

"ನಾನು ಕೇಳಿದ್ದು ಹೆಣದ ವಿಚಾರವಲ್ಲ. ಬೋರಲು ಮಲಗಿದವರಿಗೆ ಹಿಂದಿನಿಂದ, ಜೊತೆಯಲ್ಲೇ ಎರಡು ಇಡುವುದು ಇವನ ಪದ್ಧತಿ. ಅಂಗಾತ ಮಲಗಿದವರ ಗಂಟಲಿಗೆ ಒಂದೇ ಒಂದನ್ನು ಚುಚ್ಚಿದವನು ಚಿಕಿತ್ಸೆಯನ್ನು ಕಣ್ಣಾರೆ ನೋಡಿದವನಲ್ಲ. ಕತ್ತು ಎಂಬ ಮಾತನ್ನಷ್ಟೇ ಕೇಳಿದವನು. ಈ ಮನೆಯಲ್ಲಿ ಅಂಥವನು ನೀನೊಬ್ಬನೇ ಅನ್ನುವುದು ಈಗ ತಿಳಿಯಿತು." ಅವರು ಕೆಂಪಾಜಮ್ಮನ ಕಡೆ ತಿರುಗಿದರು. "ಮಾದಸ್ವಾಮಿ ಮಾಡೋದನ್ನ ನೀವು ಏನಂತೀರಮ್ಮ?"

"ಮುಳ್ಳು ಇಡೋದು ಅಂತೀವಿ ಸಾ."

"ಮತ್ತೆ ಸೂಜಿ ಹಾಕೋದು?"

"ಅದು ಡಾಕ್ಟ್ರು ಆಕೋದಲ್ವಾ? ಔಸ್ತಿ ತುಂಬಿ, ತೋಳಿಗೆ." ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಪೋಲೀಸ್ನೋರು ಇದ ಕ್ಯೋಳ್ನೇ ಇಲ್ಲ."

ಹಾಗಾದರೆ ದೊಡ್ಡಮಾದಪ್ಪನವರು ಹೇಳಿದ ಸೂಜಿಯವನು ಮಾದಸ್ವಾಮಿಯಲ್ಲ, ಡಾಕ್ಟರೆನಿಸಿಕೊಂಡ ಶಿವಮಲ್ಲಪ್ಪ. ಅಂಗಡಿ ಬೀದಿಯಲ್ಲಿ ಕೇಳಿದ ಮಾತನ್ನು ಅವಳಂತೆಯೇ ನಾನೂ ಹುಟ್ಟಿದಾಗಿನಿಂದ ಆಡಿದವನು.

ವಕೀಲರು ಉಳಿದದ್ದನ್ನು ಬಿಡಿಸಿಟ್ಟರು. ಹನೂರಿನಲ್ಲಿ ಶಿವಮಲ್ಲಪ್ಪ ಕೊಟ್ಟ ಇಂಜೆಕ್ಷನ್ನಿಗೆ ಬಾಣಂತಿಯೊಬ್ಬಳು ಸತ್ತಿದ್ದಳು. ಅವನು ಡಾಕ್ಟರಿಕೆ ಓದಿದವನೇ ಅಲ್ಲ. ಇದು ಮಾವನ ಕಿವಿಗೆ ಬಿದ್ದಿತ್ತು. ನಿಜ ತಿಳಿಯುವವರೆಗೆ ತಂಗಿಯ ಮಗನ ಮುಖ ಮುರಿಯಬಾರದೆಂದು ಅವರು ಎಂದಿನ ತಾಕತ್ತಿನ ಸೂಜಿಗೆ ತೋಳು ಒಡ್ಡಿದ್ದರು. ಅದರಲ್ಲಿ ತಾಕತ್ತಿನ ಬದಲು ವಿಷವಿತ್ತು. ಆಮೇಲೆ ಅವನು ಮನೆಯಲ್ಲೇ ಇದ್ದ ಡಬ್ಬಿಯಿಂದ ಒಂದು ಮುಳ್ಳು ತೆಗೆದು ಗಂಟಲಿಗೆ ನೆಟ್ಟು, ತಪ್ಪು ಮಾದಸ್ವಾಮಿಯ ತಲೆಗೆ ಬರುವಂತೆ ಮಾಡಿದ್ದ. ಕತ್ತನ್ನಷ್ಟೇ ನೋಡಿದ್ದ ಆಸ್ಪತ್ರೆಯ ಡಾಕ್ಟರು ಈಗ ತೋಳು ನೋಡಿ, ಇಂಜೆಕ್ಷನ್ ಗುರುತು ಕಂಡಿದ್ದರು. ಅಂದು ಮಧ್ಯಾಹ್ನ ಶಿವಮಲ್ಲಪ್ಪ ಕೊಳ್ಳೇಗಾಲದಲ್ಲಿ ಇಳಿದದ್ದನ್ನು ಬಸ್ಸಿನ ಕಂಡಕ್ಟರು ಹೇಳಿದ್ದ.

"ಮಾವ ನನ್ನ ಉಳಿಸ್ತಿರ್ಲಿಲ್ಲ," ಎಂದಷ್ಟೇ ಹೇಳಿ ಶಿವಮಲ್ಲಪ್ಪ ಕುಸಿದು ಕೂತ.

ಕೋಳ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಯಿತು. ಮಾದಸ್ವಾಮಿ ಮಣಿಕಟ್ಟು ಉಜ್ಜಿಕೊಳ್ಳುತ್ತ ಬಾಗಿಲ ಕಡೆ ನಡೆದ. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅವನ ಮುಖ ನೋಡಲು ನಾಚಿಕೆಯಾಗಿತ್ತು.

"ನಿಂತ್ಕೊಳಪ್ಪ," ಎಂದರು ಚನ್ನಾಜಮ್ಮ. ಗೋಡೆಯ ಗೂಡಿನಲ್ಲಿದ್ದ ಅವನ ಡಬ್ಬಿಯನ್ನು ತಂದು ಅವನ ಮುಂದಿಟ್ಟರು. "ಅತ್ತೂ ಅತ್ತೂ ತಲೆ ಸಿಡೀತದೆ."

ಎಲ್ಲರೂ ನೋಡುತ್ತಿದ್ದಂತೆ ಆಯಮ್ಮ ಅವನಿಗೆ ಬೆನ್ನು ಮಾಡಿ ಕೂತು, ಸೆರಗು ಸರಿಸಿ, ತಲೆ ಬಗ್ಗಿಸಿದರು. ಮಾದಸ್ವಾಮಿ ಡಬ್ಬಿ ತೆರೆದು ಎರಡು ಮುಳ್ಳು ಆರಿಸಿದ. ಅವನು ಎರಡನ್ನೂ ಇಡುವವರೆಗೂ ಅವರು ಹಾಗೇ ಕೂತಿದ್ದರು.