ಮಲೈಟಾದಿಂದ ಬಂದ ಪೆಟ್ಟಿಗೆ

ರಾಜಧಾನಿ ಹೊನಿಯಾರಾದ ಪಕ್ಷ ನೋಂದಣಿ ಕಚೇರಿಯಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯ ಬೀಗ ತೆಗೆದಾಗ ನೆಸ್ಟಾ ಮಾಯೆಲಾಸಿಗೆ ಮೊದಲು ಕಂಡದ್ದು ನೀರು. ಸದಸ್ಯರ ಅರ್ಜಿಗಳೆಲ್ಲ ಒದ್ದೆಯಾಗಿ ನೀಲಿ ಮುದ್ದೆಯಾಗಿದ್ದವು. ಒಂದು ಸಹಿಯೂ ಓದುವಂತಿರಲಿಲ್ಲ.

ನೋಂದಣಿಗೆ ಅಂದೇ ಕಡೆಯ ದಿನ. ನರ್ಸ್ ಕೆಲಸ ಬಿಟ್ಟು ಎರಡು ವರ್ಷ ಮಲೈಟಾ ದ್ವೀಪದ ಹಳ್ಳಿಗಳನ್ನು ಸುತ್ತಿ ಅವಳು ಕಟ್ಟಿದ ಪಕ್ಷ ಅದು. ಜೊತೆಗೆ ಸುತ್ತಿದವನು ಎಜ್ರನ್. ಪಕ್ಷದ ಕಾರ್ಯದರ್ಶಿ, ಅವಳ ಚಿಕ್ಕಪ್ಪನ ಮಗ, ಒಂದೇ ಮನೆಯಲ್ಲಿ ಬೆಳೆದವನು.

ಮಲೈಟಾದಿಂದ ಅವರನ್ನು ಕರೆತಂದ ಹಡಗಿನವರದೇ ತಪ್ಪೆಂದು ಎಜ್ರನ್ ಕೂಗಾಡಿದ. ಪೆಟ್ಟಿಗೆಯನ್ನು ಹೊರಗಿನ ಡೆಕ್ ಮೇಲಿಟ್ಟರಂತೆ, ಅಲೆ ಬಡಿಯಿತಂತೆ. ದಾರಿಯುದ್ದಕ್ಕೂ ತಲೆಸುತ್ತಿ ಒಳಗೆ ಮಲಗಿದ್ದ ನೆಸ್ಟಾ ಅದನ್ನೇ ನಂಬಿ ಪೊಲೀಸರಿಗೆ ದೂರು ಕೊಟ್ಟಳು.

* * *

ಸಾರ್ಜೆಂಟ್ ಆಲ್ವಿನ್ ಪಿಟು ಬಂದರಿಗೆ ಹೋದ. ಅಲೆ ಬಡಿದದ್ದು ನಿಜವೆಂದು ಹಡಗಿನವರು ಒಪ್ಪಿಕೊಂಡರು. ಪೆಟ್ಟಿಗೆಗೆ ಸುತ್ತಿದ್ದ ಚಾಪೆ ಒಣಗಿ, ಉಪ್ಪುಗಟ್ಟಿ ಬೆಳ್ಳಗಾಗಿತ್ತು. ಪ್ರಕರಣ ಅಲ್ಲಿಗೇ ಮುಗಿದಂತಿತ್ತು.

ಆದರೆ ಪೆಟ್ಟಿಗೆಯ ಮುಚ್ಚಳಕ್ಕೆ ನೀರು ನುಗ್ಗದಂತೆ ದಪ್ಪ ರಬ್ಬರ್ ಅಂಚಿತ್ತು. ಪಿಟು ಕಚೇರಿಗೆ ಮರಳಿ ಒಂದು ಹಾಳೆಯ ತುದಿಯನ್ನು ನಾಲಿಗೆಗೆ ಮುಟ್ಟಿಸಿದ. ಇನ್ನೊಂದನ್ನೂ ಮುಟ್ಟಿಸಿದ. ಆಮೇಲೆ ಉಳಿದ ಪಕ್ಷಗಳ ಕಡತಗಳನ್ನು ತರಿಸಿಕೊಂಡು ಓದುತ್ತ ಕುಳಿತ.

* * *

"ಬೀಗದ ಕೈ ಯಾರ ಹತ್ರ ಇತ್ತು?" ಪಿಟು ಇಬ್ಬರನ್ನೂ ಕೂರಿಸಿಕೊಂಡು ಕೇಳಿದ.

"ನನ್ನ ಹತ್ರಾನೇ ಸಾರ್," ಎಂದ ಎಜ್ರನ್. "ಕುತ್ತಿಗೆಯಿಂದ ತೆಗೆದೇ ಇಲ್ಲ."

"ಹಾಗಾದ್ರೆ ಈ ಹಾಳೆ ನೆಕ್ಕಿ ನೋಡಪ್ಪ. ಚಾಪೇಲಿ ಉಪ್ಪಿದೆ, ಇದ್ರಲ್ಲಿಲ್ಲ. ಸಮುದ್ರದ ನೀರು ಒಳಗೆ ಹೋಗೇ ಇಲ್ಲ. ಬೀಗ ತೆಗೆದು ಯಾರೋ ಸಿಹಿನೀರು ಹುಯ್ದಿದಾರೆ."

ಎಜ್ರನ್ ಕಿಟಕಿಯತ್ತ ನೋಡಿದ. ಪಿಟು ಇನ್ನೊಂದು ಕಾಗದ ಬಿಡಿಸಿದ. ಹಳೆಯ ಪಕ್ಷವೊಂದು ಹಿಂದಿನ ವಾರ ಸಲ್ಲಿಸಿದ ಅಭ್ಯರ್ಥಿಗಳ ಪಟ್ಟಿ. ನೆಸ್ಟಾ, ಎಜ್ರನ್ ಇಬ್ಬರ ಊರಿನ ಕ್ಷೇತ್ರದ ಎದುರು ಎಜ್ರನ್‌ನ ಹೆಸರು, ಅವನದೇ ಸಹಿ.

ನೆಸ್ಟಾ ಅದನ್ನು ಎರಡು ಸಲ ಓದಿದಳು.

"ಕೇಳಿದ್ರೆ ನಾನೇ ನಿನ್ನ ನಿಲ್ಲಿಸ್ತಿದ್ನಲ್ಲೋ."

"ನಿನ್ನ ಪಕ್ಷ ಗೆಲ್ಲಲ್ಲ ಅಕ್ಕ. ಅವರು ಗೆಲ್ತಾರೆ. ಆದ್ರೆ ನೀನು ಕಣದಲ್ಲಿದ್ರೆ ನಮ್ಮೂರ ಓಟು ನಂಗೆ ಬರಲ್ಲ."

ಅಷ್ಟರಲ್ಲಿ ಕಚೇರಿಯವರು ಅರ್ಜಿ ಪಡೆಯುವ ಕಿಟಕಿ ಮುಚ್ಚಿದರು. ಪಿಟು ಎಜ್ರನ್‌ನ ತೋಳು ಹಿಡಿದು ಬಾಗಿಲವರೆಗೆ ನಡೆಸಿದ.

"ಮೊದಲನೇ ಹಾಳೇಲಿ ನಿಮ್ಮಮ್ಮನ ಹೆಬ್ಬೆಟ್ಟಿತ್ತು," ಎಂದಳು ನೆಸ್ಟಾ. "ಕಣ್ಣು ಕಾಣಲ್ಲ ಅಂತ ನಿನ್ನ ಕೈ ಹಿಡ್ಕೊಂಡೇ ಒತ್ತಿದ್ಲು. ಅವಳಿಗೆ ನಾನು ಹೇಳಲ್ಲ. ನೀನೇ ಹೇಳು."

ಅವನು ಅಕ್ಕಾ ಎಂದು ಕರೆದ. ಅವಳು ತಿರುಗಿ ನೋಡಲಿಲ್ಲ.